ಪದಚರ್ಚೆ: ವಾರ್ಡ್ ಮರುವಿಂಗಡಣೆಯ ಮಾತಿನಲ್ಲಿ ‘ಕಮ್ಯುನಿಟಿ’ಗೆ ಕನ್ನಡವೇನು?

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿಯ ಸಂಸಾರ ಲಂಡನ್ನಿನ ಲ್ಯಾಂಬೆತ್‌ನಲ್ಲಿದೆ. ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇರುವುದು ಅಲ್ಲಿಯೇ. ಅದಕ್ಕಾಗಿ ಓಡಾಡಿದ ಕಲಬುರಗಿಯ ನೀರಜ್ ಪಾಟೀಲರು ಒಮ್ಮೆ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಭಾರತೀಯರಿಗೆ, ಕಾಮನ್‌ವೆಲ್ತ್ ದೇಶದ ಪ್ರಜೆಗಳೆಂಬ ಕಾರಣಕ್ಕೆ, ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ತಂಗಿಯ ಅತ್ತೆಯವರಿಗೆ ಇದು ತಿಳಿದದ್ದೇ ತಡ, ‘ನಮ್ಮ ವಾರ್ಡಿನ ಹೆಸರು ಯಾಕೆ ಬದಲಾಯಿತು, ಕನ್ನಡದಲ್ಲಿ ಬರೆದು ಕಳುಹಿಸಿ’ ಎಂದು ನನಗೆ ಅಪ್ಪಣೆ ಮಾಡಿದರು. ಎರಡು ಪುಟ ಬರೆಯಲು ಕೂತವನು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

ಮೊದಲ ಎಡವು ‘ಬರೋ’, ಅಂದರೆ ಲ್ಯಾಂಬೆತ್‌ನಂಥ ಲಂಡನ್ನಿನ ಆಡಳಿತ ವಿಭಾಗ. ‘ಲ್ಯಾಂಬೆತ್ ಬರೋ ಚುನಾವಣೆ’ ಎಂದು ಬರೆದೆ. ಓದಿದವರೆಲ್ಲ ಲ್ಯಾಂಬೆತ್‌ನಲ್ಲಿ ಮುಂದೆ ಬರಲಿರುವ ಚುನಾವಣೆ ಎಂದುಕೊಂಡರು. ಇಂಗ್ಲಿಷರ ಉಚ್ಚಾರಣೆಗೆ ಹತ್ತಿರವಾಗಲಿ ಎಂದು ‘ಬರ’ ಎಂದು ತಿದ್ದಿದೆ. ಲಂಡನ್ನಿನಲ್ಲಿ ಮಳೆಯೇ ನಿಂತುಹೋದಂತಾಯಿತು. ಹಳೆಯ ಇಂಗ್ಲಿಷಿನ ‘ಬುರ್ಹ್’, ಅಂದರೆ ಕೋಟೆ ಕಟ್ಟಿಕೊಂಡ ಊರು, ಇದರ ಮೂಲ. 1965ರಿಂದ ಲಂಡನ್ನಿನಲ್ಲಿ ಇಂಥ 32 ಇವೆ, ಒಂದೊಂದಕ್ಕೂ ಒಂದು ಕೌನ್ಸಿಲ್. ಕೊನೆಗೆ ‘ನಗರಸಭೆ’ ಎಂದು ಬರೆದು ಮುಂದೆ ಹೋದೆ. ನಿಖರತೆಯ ವ್ರತದವರು ಮನ್ನಿಸಬೇಕು.

‘ವಾರ್ಡ್’ ಪದವನ್ನು ಮುಟ್ಟಲಿಲ್ಲ. ಕಾವಲು ಎಂಬ ಅರ್ಥದ ಪದದಿಂದ ಅದು ಬಂದಿದೆಯಂತೆ ಎಂದು ‘ಕಾವಲುಕೇರಿ’ ಮುಂತಾದುವನ್ನು ಹೊಸೆಯುವ ಹುಮ್ಮಸ್ಸು ನನಗಿಲ್ಲ. ಆದರೆ ಇಲ್ಲಿ ಓದುಗರನ್ನು ಎಚ್ಚರಿಸಬೇಕಾಯಿತು. ನಮ್ಮ ನಗರಗಳಲ್ಲಿ ಒಂದು ವಾರ್ಡ್ ಎಂದರೆ ಒಬ್ಬರೇ ಸದಸ್ಯರು. ಲ್ಯಾಂಬೆತ್‌ನಲ್ಲಿ 2022ರವರೆಗೆ 21 ವಾರ್ಡುಗಳು, ಒಂದೊಂದಕ್ಕೂ ಮೂವರು, ಒಟ್ಟು 63. ಈಗ ವಾರ್ಡುಗಳು 25, ಸದಸ್ಯರು ಅದೇ 63. ಕೆಲವು ವಾರ್ಡುಗಳಿಗೆ ಇಬ್ಬರು, ಕೆಲವಕ್ಕೆ ಮೂವರು. ‘ನಮ್ಮ ವಾರ್ಡಿನ ಸದಸ್ಯರು’ ಎಂಬಲ್ಲಿನ ‘ರು’ ಗೌರವಕ್ಕಲ್ಲ, ಬಹುವಚನಕ್ಕೆ.

ಎರಡನೆಯದು ‘ಬೌಂಡರಿ’. ಗಡಿ ಎಂದರೆ ಕನ್ನಡಿಗರಿಗೆ ಬೆಳಗಾವಿ, ಗಡಿ ಆಯೋಗ ಎಂದರೆ 1967ರ ಮಹಾಜನ ವರದಿ. ಹದ್ದುಬಸ್ತು ಎಂದರೆ ಸರ್ವೆಯವರು ಸರಪಳಿ ಹಿಡಿದು ಹೊಲಕ್ಕೆ ಇಳಿದಂತಾಗುತ್ತದೆ. ‘ಎಲ್ಲೆ’ ಸಾಕು ಅನ್ನಿಸಿತು. ವಾರ್ಡುಗಳನ್ನು ಗೊತ್ತುಮಾಡುವ ಅಲ್ಲಿನ ಆದೇಶಗಳಲ್ಲಿ ಒಂದು ನಿಯಮವಿದೆ: ನಕ್ಷೆಯಲ್ಲಿ ಎಲ್ಲೆ ರಸ್ತೆಯ ಮೇಲೋ ರೈಲುಹಳಿಯ ಮೇಲೋ ಹಾದಿದ್ದರೆ ಅದು ಅದರ ನಟ್ಟನಡುವೆ ಹೋಗುತ್ತದೆ ಎಂದು ತಿಳಿಯಬೇಕು. ಹೀಗಾಗಿ ರಸ್ತೆಯ ಈ ಬದಿಯ ಮನೆ ಒಂದು ವಾರ್ಡಿಗೆ, ಎದುರುಮನೆ ಇನ್ನೊಂದಕ್ಕೆ. ಎಲ್ಲೆ ಎಂಬ ಪುಟ್ಟ ಪದ ಇಷ್ಟನ್ನು ಹೊರುತ್ತದೆ. ಕ್ರಿಯೆಗೆ ಪತ್ರಿಕೆಗಳ ‘ಪುನರ್ವಿಂಗಡಣೆ’ಯ ಬದಲು ‘ಮರುವಿಂಗಡಣೆ’ ಹಾಕಿದ್ದೇನೆ, ಹಸಿ ಕಸ ಒಣ ಕಸದ ನೆನಪು ಬಂದರೂ ಚಿಂತೆಯಿಲ್ಲ ಎಂದು.

ಈಗ ನಿಜವಾದ ತೊಡಕು. ಇಂಗ್ಲೆಂಡಿನಲ್ಲಿ ಸಂಸತ್ತಿನ ಕ್ಷೇತ್ರಗಳಿಗೆ ಒಂದು ಆಯೋಗ, ಸ್ಥಳೀಯ ವಾರ್ಡುಗಳಿಗೆ ಬೇರೆಯೇ ಆಯೋಗ. ಈ ಎರಡನೆಯದು 2009ರ ಕಾಯ್ದೆಯ ಪ್ರಕಾರ ಮೂರು ಸಂಗತಿಗಳನ್ನು ತೂಗಿ ನೋಡಬೇಕು. ಒಬ್ಬೊಬ್ಬ ಸದಸ್ಯರ ಪಾಲಿಗೆ ಬರುವ ಮತದಾರರ ಸಂಖ್ಯೆ ಹೆಚ್ಚುಕಡಿಮೆ ಸಮ ಇರಬೇಕು; ಆಡಳಿತ ಸಲೀಸಾಗಬೇಕು. ಇವೆರಡಕ್ಕೆ ಕನ್ನಡ ತಾನಾಗಿ ಒದಗುತ್ತದೆ. ಉಳಿದದ್ದು, ಅಲ್ಲಿನ ‘ಕಮ್ಯುನಿಟಿ’ಗಳ ಗುರುತು ಮತ್ತು ಹಿತ ವಾರ್ಡಿನಲ್ಲಿ ಕಾಣಬೇಕು ಎಂಬುದು.

ನಾನು ಮೊದಲು ಬರೆದದ್ದು: ‘ವಾರ್ಡಿನ ಎಲ್ಲೆಗಳು ಸಮುದಾಯಗಳ ಅಸ್ಮಿತೆಯನ್ನು ಗೌರವಿಸಬೇಕು.’ ಫೋನಿನಲ್ಲಿ ಓದಿ ಹೇಳಿದಾಗ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ: ‘ಇಲ್ಲಿಯೂ ಜಾತಿ ನೋಡಿಯೇ ವಾರ್ಡ್ ಮಾಡುತ್ತಾರೆಯೇ?’

ತಪ್ಪು ಅವರದ್ದಲ್ಲ. ‘ಸಮುದಾಯದ ಮುಖಂಡರು’ ಎಂದು ಪತ್ರಿಕೆ ಬರೆದರೆ ಯಾರ ಮುಖಂಡರು ಎಂದು ನಾವು ಕೇಳುವುದಿಲ್ಲ. ‘ಸಮುದಾಯ ಆರೋಗ್ಯ ಕೇಂದ್ರ’ದಲ್ಲಿ ಆ ಪದ ಇನ್ನೂ ಎಲ್ಲರದ್ದು, ‘ಸಮುದಾಯ ಭವನ’ದ ಹೊತ್ತಿಗೆ ಬೋರ್ಡಿನ ಮೇಲಿನ ಹೆಸರು ನೋಡಬೇಕು. ಕಮ್ಯುನಿಟಿ ಎಂದೇ ಉಳಿಸೋಣವೆಂದರೆ, ‘ನಿಮ್ಮದು ಯಾವ ಕಮ್ಯುನಿಟಿ’ ಎಂದು ಹೆಣ್ಣು ನೋಡಲು ಬಂದವರು ಕೇಳುವುದೂ ಅದನ್ನೇ.

ಆಯೋಗದ ಮುಂದೆ ನಿವಾಸಿಗಳು ಹೇಳಿಕೊಳ್ಳುವುದು ಬೇರೆ ಬಗೆಯದು: ನಾವು ಸಾಮಾನು ತರುವುದು ಈ ಬೀದಿಯಿಂದ, ಮಕ್ಕಳು ಹೋಗುವುದು ಆ ಶಾಲೆಗೆ, ನಮ್ಮದು ಈ ಉದ್ಯಾನ, ಹಳಿಯ ಆಚೆಗೆ ನಾವು ಹೋಗುವುದೇ ಇಲ್ಲ. ಆದರೂ ಜನಾಂಗದ ನೆರಳು ಅಲ್ಲಿ ಇಲ್ಲವೇ ಇಲ್ಲ ಎನ್ನಲಾರೆ. ಲ್ಯಾಂಬೆತ್‌ನದೇ ಭಾಗವಾದ ಬ್ರಿಕ್ಸ್‌ಟನ್ನಿನ ‘ಕೋಲ್ಡ್‌ಹಾರ್ಬರ್’ ಎಂಬ ವಾರ್ಡ್ ಹೆಸರು 2022ರಲ್ಲಿ ಹೋಯಿತು, ‘ಬ್ರಿಕ್ಸ್‌ಟನ್ ವಿಂಡ್‌ರಷ್’ ಎಂಬುದು ಬಂತು. ವಿಂಡ್‌ರಷ್ 1948ರಲ್ಲಿ ಕೆರಿಬಿಯನ್ನಿನಿಂದ ಜನರನ್ನು ಹೊತ್ತು ತಂದ ಹಡಗು. ಇಳಿದವರಲ್ಲಿ ಹಲವರು ಕೆಲಸ ಹುಡುಕಿಕೊಂಡು ಹೋದ ಉದ್ಯೋಗ ಕಚೇರಿ ಇದ್ದದ್ದು ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿ. ಬ್ರಿಕ್ಸ್‌ಟನ್ ಅವರ ಊರಾದದ್ದು ಹಾಗೆ. ಇಂಥ ಕಡೆ ಇಂಗ್ಲಿಷಿನ ಪದವೂ ಎರಡು ದೋಣಿಯಲ್ಲಿ ಕಾಲಿಟ್ಟೇ ನಿಂತಿರುತ್ತದೆ.

‘ನೆರೆಹೊರೆ’ ಪರೀಕ್ಷಿಸಿದೆ. ನಾಲ್ಕು ಮನೆಗೆ ಸರಿ, ಸಾವಿರಾರು ಮತದಾರರಿಗೆ ಚಿಕ್ಕದು. ‘ಊರೊಟ್ಟು’ ಎಂದರೆ ಜಾತ್ರೆಯ ವಂತಿಗೆ ಕೇಳಲು ಬಂದಂತೆ. ಆಗ ನೆನಪಾದದ್ದು ನಮ್ಮ ಅಜ್ಜಿಯ ಮಾತು: ‘ಅವರಿಗೂ ನಮಗೂ ಹೊಕ್ಕುಬಳಕೆ ಇದೆ.’ ಹೋಗಿ ಬಂದು, ಕೊಟ್ಟು ತಂದು ಬೆಳೆದ ನಂಟು. ‘ಹೊಕ್ಕುಬಳಕೆ ಇರುವ ಬೀದಿಗಳನ್ನು ಒಂದೇ ವಾರ್ಡಿನಲ್ಲಿ ಉಳಿಸಬೇಕು’ ಎಂದರೆ ಆಯೋಗದವರು ಹೇಳುವುದೆಲ್ಲ ಬಂತಲ್ಲ ಎಂದು ಒಂದು ದಿನ ಬೀಗಿದೆ.

ಮರುದಿನ ಅನುಮಾನ ಬಂತು. ಅಜ್ಜಿಯ ಕಾಲದಲ್ಲಿ ಯಾರು ಯಾರ ಮನೆಯನ್ನು ಹೊಗಬಹುದು ಎಂದು ತೀರ್ಮಾನಿಸುತ್ತಿದ್ದದ್ದೇ ಜಾತಿ. ಹೊಸ್ತಿಲು ದಾಟಲಾಗದವರಿಗೆ ಈ ಪದ ಹೇಗೆ ಕೇಳಿಸೀತು? ಹಾಗೆ ನೋಡಿದರೆ ‘ಕೇರಿ’ಗೂ ಇದೇ ಗತಿ.

ನನ್ನ ಪ್ರಶ್ನೆಗಳು ಎರಡು. ‘ಹೊಕ್ಕುಬಳಕೆ’ ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯೇ, ಇದ್ದರೆ ಮನೆಮನೆಗಳ ನಡುವೆ ಮಾತ್ರವೋ, ಬೀದಿ, ಊರುಗಳ ನಡುವೆಯೂ ಹೇಳುತ್ತೀರೋ? ಒಂದೇ ಸಂತೆಗೆ, ಒಂದೇ ಶಾಲೆಗೆ, ಒಂದೇ ಬಸ್‌ನಿಲ್ದಾಣಕ್ಕೆ ಹೋಗುವ ಜನರನ್ನು, ಅವರು ಯಾರೇ ಆಗಿರಲಿ, ಒಟ್ಟಾಗಿ ಕರೆಯುವ ಪದ ನಿಮ್ಮ ಊರಿನ ಮಾತಿನಲ್ಲಿದೆಯೇ? ನಿಘಂಟಿನದು ಬೇಡ, ಕಿವಿಯಾರೆ ಕೇಳಿದ್ದಿದ್ದರೆ ತಿಳಿಸಿ. ಭಾನುವಾರ ಅತ್ತೆಯವರು ಫೋನ್ ಮಾಡುತ್ತಾರೆ.