ಜಲವರ್ಣದ ‘ವಾಶ್’ಗೆ ಸಾರಣೆ ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಮಂಡ್ಯದಲ್ಲಿ ಭಾನುವಾರದ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಕ್ರೀಟಾ ಅನ್ನೋ ಕಂಪ್ಯೂಟರ್ ತಂತ್ರಾಂಶದಲ್ಲಿ ಚಿತ್ರ ಬಿಡಿಸೋದು ಹೇಳ್ಕೊಡ್ತೀನಿ, ಅವರಿಗೇಂತ ಕನ್ನಡದಲ್ಲೇ ಪಾಠ ಬರೀತಾ ಒಂದು ಪದದ ಹತ್ರ ಬಂದು ನಿಂತ್ಬಿಟ್ಟಿದೀನಿ.

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆದು ಪೆನ್ಸಿಲ್ ಸ್ಕೆಚ್ ಇದೆ, ಅದನ್ನ ಸ್ಕ್ಯಾನ್ ಮಾಡಿ ಮೇಲಿನ ಲೇಯರ್‌ನಲ್ಲಿಟ್ಟು ಮಲ್ಟಿಪ್ಲೈಗೆ (ಮೇಲಿನ ಪದರದ ಬಣ್ಣನ ಕೆಳಗಿನದ್ರ ಜೊತೆ ಬೆರೆಸೋ ಒಂದು ಬಗೆ) ಹಾಕೋದು, ಕೆಳಗಿನ ಲೇಯರ್‌ನಲ್ಲಿ ಬಣ್ಣ. ಮಲ್ಟಿಪ್ಲೈಗೆ ‘ಗುಣಿಸು’ ಅಂದಿದ್ದು ಮಕ್ಕಳಿಗೆ ತಕ್ಷಣ ಹೊಳೀತು, ಅಲ್ಲಿ ನಡೆಯೋದೂ ಗುಣಾಕಾರನೇ: ಬಿಳಿ ಅಂದ್ರೆ 1, ಕಪ್ಪು ಅಂದ್ರೆ 0, ಹಾಗಾಗಿ ಕಾಗದದ ಬಿಳಿ ಮಾಯ ಆಗಿ ಕೆಳಗಿನ ಬಣ್ಣ ಕಾಣುತ್ತೆ, ಪೆನ್ಸಿಲ್ ಗೆರೆ ಹಾಗೇ ಉಳಿಯುತ್ತೆ.

ಸಿಕ್ಕಾಕ್ಕೊಂಡಿದ್ದು ‘ವಾಶ್’ನಲ್ಲಿ, ಅಂದ್ರೆ ನೀರು ಜಾಸ್ತಿ ಬೆರೆಸಿದ ಬಣ್ಣನ ಕಾಗದದ ಮೇಲೆ ತೆಳ್ಳಗೆ ಹರಡೋದು. ಒಬ್ಬ ಹುಡುಗಿ ‘ವಾಶ್ ಅಂದ್ರೆ ತೊಳೆಯೋದು ತಾನೇ ಸರ್’ ಅಂದ್ಕೊಂಡು, ಹೊಳೆಗೆ ಹಾಕಿದ್ದ ನೀಲಿನೆಲ್ಲ ಇರೇಸರ್‌ನಲ್ಲಿ ಉಜ್ಜಿ ಉಜ್ಜಿ ತೆಳ್ಳಗೆ ಮಾಡ್ತಾ ಕೂತಿದ್ಲು. ತಪ್ಪು ಅವಳದ್ದಲ್ಲ, ನಾನು ಪದ ಕೊಟ್ಟಿರ್ಲಿಲ್ಲ. ‘ಲೇಪನ’ ಅಂದ್ರೆ ಗಾಯಕ್ಕೆ ಮುಲಾಮು ಮೆತ್ತಿದಂಗಿದೆ, ‘ಬಳಿಯೋದು’ ಅಂದ್ರೆ ಗೋಡೆ ಸುಣ್ಣ.

ಆಗ ನಮ್ಮಜ್ಜಿ ಜಗುಲಿ ಸಾರಿಸ್ತಿದ್ದಿದ್ದು ನೆನಪಾಯ್ತು. ಸಗಣಿ ನೀರಲ್ಲಿ ಅಂಗೈ ಅದ್ದಿ ಅರ್ಧಚಂದ್ರ ತಿರುಗಿಸ್ತಾ, ಕುಕ್ಕರುಗಾಲಲ್ಲೇ ಹಿಂದಕ್ಕೆ ಸರೀತಾ ಹೋಗೋಳು, ಮಧ್ಯದಲ್ಲಿ ಯಾರು ಕರೆದ್ರೂ ಏಳ್ತಿರ್ಲಿಲ್ಲ, ‘ಆರೋದ್ರೆ ಗೆರೆ ಬೀಳ್ತದೆ ಕಣ್ಲಾ’ ಅನ್ನೋಳು. ನೀರುಬಣ್ಣದಲ್ಲೂ ಅಂಚು ಆರೋಕ್ ಮುಂಚೆ ಪಕ್ಕದ್ದು ಸೇರಿಸ್ಬೇಕು, ಇಲ್ದಿದ್ರೆ ಬಣ್ಣ ಅಂಚಿಗೆ ಹೋಗಿ ಕೂತು ಕಡುವಾದ ಗೆರೆ ಆಗುತ್ತೆ. ಕ್ರೀಟಾ ಬ್ರಶ್‌ನಲ್ಲೂ ‘ಬಿಲ್ಡ್‌ಅಪ್’ ‘ವಾಶ್’ ಅಂತ ಎರಡು ಬಗೆ ಇದೆ, ವಾಶ್‌ನಲ್ಲಿ ಪೆನ್ನು ಎತ್ತದೆ ಅದೇ ಜಾಗದ ಮೇಲೆ ಎಷ್ಟು ಸಲ ಆಡಿಸಿದ್ರೂ ನೀವಿಟ್ಟ ಅಪಾಸಿಟಿಗಿಂತ (ಬಣ್ಣ ಎಷ್ಟು ದಟ್ಟ ಅನ್ನೋ ಅಳತೆ) ಬಣ್ಣ ಗಟ್ಟಿ ಆಗಲ್ಲ, ಎತ್ತಿ ಮತ್ತೆ ಹಚ್ಚಿದ್ರೆ ಮಾತ್ರ ಮೇಲೊಂದು ಪದರ ಬೀಳುತ್ತೆ. ಬಿಲ್ಡ್‌ಅಪ್‌ನಲ್ಲಿ ಆಡಿಸಿದಷ್ಟೂ ಗಟ್ಟಿ.

ಅದಕ್ಕೇ ವಾಶ್‌ಗೆ ‘ಸಾರಣೆ’, ಕ್ರಿಯಾಪದ ‘ಬಣ್ಣ ಸಾರಿಸು’, ಒದ್ದೆ ಕಾಗದದ ಮೇಲೆ ಹಾಕೋದಕ್ಕೆ ‘ಹಸಿ ಸಾರಣೆ’ ಅಂತ ಬರೆದಿಟ್ಟಿದೀನಿ. ಟೈಲ್ಸ್ ಮನೇಲಿ ಬೆಳೆದ ಮಕ್ಕಳಿಗೆ ಇದು ಅರ್ಥ ಆಗುತ್ತಾ, ಸಗಣಿ ಒಂದೇ ನೆನಪಾಗುತ್ತಾ ಅನ್ನೋದು ನನ್ನ ಅನುಮಾನ. ನಿಮ್ಮ ಕಡೆ ಬೋರ್ಡ್ ಬರೆಯೋರು, ಗಣೇಶನಿಗೆ ಬಣ್ಣ ಹಾಕೋರು ಈ ತೆಳು ಮೊದಲ ಕೈಗೆ ಏನಂತಾರೆ? ಗೊತ್ತಿದ್ರೆ ಅವರ ಬಾಯಲ್ಲಿ ಬರೋ ಹಾಗೇ ಬರೀರಿ.