ಸಂಜೆ ಅರ್ಧ ಗಂಟೆ ನನಗೇ ಅಂತ ಹೇಗೆ ಉಳಿಸಿಕೊಳ್ಳಲಿ?

ಬದಿಯಡ್ಕದ ಟೀಚರ್:
ನಾನು ಕೇರಳದ ಕಾಸರಗೋಡಿನ ಕಡೆ ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್. ಬೆಳಗ್ಗೆ 5ಕ್ಕೆ ಎದ್ದರೆ ರಾತ್ರಿ 10ರವರೆಗೆ ಪುರುಸೊತ್ತಿಲ್ಲ. ಅಡುಗೆ, ಅತ್ತೆಯ ಮದ್ದು, ಶಾಲೆ, ಮಗನ ಓದು. ಅದೆಲ್ಲ ಎಲ್ಲರಿಗೂ ಇರುವುದೇ, ಬಿಡಿ. ನನ್ನ ಸಂಜೆ ಹೋಗುವುದು ಬೇರೆ ಕಡೆ. ನಮ್ಮ ನೆರೆಕರೆಯವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಪಂಚಾಯತಿನ ನೋಟಿಸು, ಪೆನ್ಶನ್ ಕಾಗದ, ರೇಷನ್ ಕಾರ್ಡಿನ ಮೆಸೇಜು, ಎಲ್ಲ ಹಿಡಿದುಕೊಂಡು ಬರುತ್ತಾರೆ. "ಟೀಚರೇ, ಇದೊಂದು ಓದಿ ಹೇಳಿ." ಈಗ ವಾಟ್ಸಾಪಿನಲ್ಲಿ ಫೋಟೋ ಬೇರೆ. ನಿನ್ನೆ ಕುಕ್ಕರ್ ಕೂಗುತ್ತಿರುವಾಗಲೇ ಮೂರು ಬಂತು.

ಆಗುವುದಿಲ್ಲ ಅನ್ನಲು ಬಾಯಿ ಬರುವುದಿಲ್ಲ. ಕಳೆದ ವರ್ಷ ಪಕ್ಕದ ಮನೆಯ ಅಜ್ಜಿ ಪೆನ್ಶನ್ ಮಸ್ಟರಿಂಗಿನ (ಬದುಕಿದ್ದೇವೆ ಅಂತ ತೋರಿಸಿ ಬರುವುದರ) ಕೊನೆಯ ದಿನ ಯಾವಾಗ ಅಂತ ಗೊತ್ತಾಗದೆ ತಪ್ಪಿಸಿಕೊಂಡರು. ಪೆನ್ಶನ್ ನಿಂತೇ ಹೋಯಿತು. ಅದು ಸರಿಯಾಗುವಷ್ಟರಲ್ಲಿ ಸರ್ಕಾರಿ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ನಾವಿಬ್ಬರೂ ನಾಲ್ಕು ಸಲ ಹೋದೆವು.

ಮನೆಯ ಹಿಂದೆ ಮುರಕಲ್ಲಿನ ಪಾರೆ, ಅಂದರೆ ಕೆಂಪು ಕಲ್ಲಿನ ಬಂಡೆಹಾಸು ಇದೆ. ಮಳೆ ಕಡಿಮೆಯಾಗುತ್ತಾ ಬಂದಾಗ ಅಲ್ಲಿನ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಸುತ್ತ ಉಗುರಿನಷ್ಟೂ ದೊಡ್ಡದಲ್ಲದ ನೀಲಿ ಹೂ. ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಮಕ್ಕಳು ಕೊಯ್ಯುವ ಕಾಕ್ಕಪ್ಪೂ ಅದೇ. ದಂಟು ನೂಲಿನಷ್ಟು ಸಣ್ಣ. ಗಾಳಿ ಬಂದರೆ ಇಡೀ ಪಾರೆಯೇ ನಡುಗಿದ ಹಾಗೆ ಕಾಣುತ್ತದೆ. ನಾನು ಅಲ್ಲಿಗೆ ಹತ್ತದೆ ಎರಡು ವರ್ಷವಾಯಿತು. ಅಲ್ಲಿ ಅರ್ಧ ಗಂಟೆ ಸುಮ್ನೆ ಕೂರಬೇಕು. ಬೇರೇನೂ ಬೇಡ.

ಪೆರ್ಲದ ತೋಟದವ:
ಅಕ್ಕಾ, ಫೋಟೋ ಕಳಿಸುವವರ ಮನೆಯ ಮಕ್ಕಳಿಗೆ ಗೂಗಲ್ ಲೆನ್ಸ್ ತೋರಿಸಿಕೊಡಿ. ಮಲಯಾಳದ ಮೇಲೆ ಹಿಡಿದರೆ ಕನ್ನಡದಲ್ಲಿ ಬರುತ್ತದೆ. ಮೆಸೇಜಿಗೆಲ್ಲ ಸಾಕು. ಸರ್ಕಾರಿ ಕಾಗದದಲ್ಲಿ ಮಾತ್ರ ಅರ್ಥ ಅಡಿಮೇಲಾಗುವುದುಂಟು. ಅದನ್ನು ನೀವೇ ನೋಡಬೇಕು.

ಕುಂಬಳೆಯ ಹಿರಿಯ:
ಟೀಚರೇ, 1956ರ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಈ ಕೆಲಸ ಊರಿಗೊಬ್ಬರ ಹೆಗಲಿಗೆ ಬಿದ್ದೇ ಇದೆ. ನಮ್ಮಲ್ಲಿ ಅಪ್ಪ ಮಾಡುತ್ತಿದ್ದರು. ಶನಿವಾರ ಸಂಜೆ ಮಾತ್ರ, ಅಂಗಡಿಯ ಜಗಲಿಯಲ್ಲಿ. ಉಳಿದ ದಿನ ಯಾರಾದರೂ ಬಂದರೆ ಕಾಗದದ ಕೊನೆಯ ತಾರೀಕು ನೋಡುತ್ತಿದ್ದರು. ಅವಸರವಿದ್ದರೆ ಆಗಲೇ ಓದುತ್ತಿದ್ದರು, ಇಲ್ಲದಿದ್ದರೆ "ಶನಿವಾರ ತನ್ನಿ". ಯಾರೂ ಬೇಜಾರು ಮಾಡಿಕೊಂಡದ್ದು ನಾನು ನೋಡಿಲ್ಲ. ಎಲ್ಲರಿಗೂ ಓದಿ ಹೇಳುವವರು ಅವರೊಬ್ಬರೇ. ಅವರು ದಣಿದು ಬಿಟ್ಟುಬಿಟ್ಟರೆ ನಷ್ಟ ಊರಿಗೇ ಅಲ್ವಾ?

ಮುಳ್ಳೇರಿಯದ ಅಕ್ಕ:
ನಾನೂ ಕೆಲಸಕ್ಕೆ ಹೋಗುವವಳು. ಒಮ್ಮೆ ಸೀರೆ ಬದಲಿಸಿ ಒಲೆ ಹಚ್ಚಿದರೆ ಮತ್ತೆ ಹೊರಡಲು ಆಗುವುದೇ ಇಲ್ಲ. ಮನೆಯೊಳಗೆ ಕಾಲಿಡುವ ಮೊದಲೇ ಪಾರೆಗೆ ಹೋಗಿ. ಅತ್ತೆಗೆ ಬೆಳಗ್ಗೆಯೇ ಹೇಳಿಡಿ, ಕಾಯುವುದು ಬೇಡ. ದಿನಾ ಆಗದಿದ್ದರೆ ವಾರಕ್ಕೆ ಎರಡು ದಿನ.

ಬದಿಯಡ್ಕದ ಟೀಚರ್:
ಬುಧವಾರ ಬಸ್ಸಿಳಿದು ಬ್ಯಾಗಿನ ಜೊತೆಗೇ ಹತ್ತಿದೆ. 20 ನಿಮಿಷ ಕೂತೆ. ಹೂ ಇನ್ನೂ ಇವೆ. ಶನಿವಾರದ ವಿಷಯ ಮೊದಲು ಪಕ್ಕದ ಮನೆಯ ಅಜ್ಜಿಗೇ ಹೇಳಿದೆ, ಸ್ವಲ್ಪ ಹೆದರಿಕೆಯಿಂದಲೇ. "4 ಗಂಟೆಗೆ ಬರ್ಲಾ?" ಅಂದರು.