ಸ್ವಿಫ್ಟ್‌ನಲ್ಲಿ ತಾಳಮದ್ದಳೆ ಸ್ಪಷ್ಟ ಕೇಳುವುದಿಲ್ಲ, 15 ಸಾವಿರದಲ್ಲಿ ಎಂತ ಮಾಡಬಹುದು?

ಪ್ರಶ್ನೆ (ಕಾಪು): 2018ರ ಸ್ವಿಫ್ಟ್. ನಾಲ್ಕು ಬಾಗಿಲಲ್ಲೂ ಕಂಪನಿಯದ್ದೇ ಸ್ಪೀಕರ್, ಟ್ವೀಟರ್ (ಮೇಲಿನ ಸ್ವರದ ಸಣ್ಣ ಸ್ಪೀಕರ್) ಇಲ್ಲ. ದಿನಾ ಮಂಗಳೂರಿಗೆ ಹೋಗಿ ಬರುವಾಗ ಕೇಳುವುದು ಯಕ್ಷಗಾನ, ತಾಳಮದ್ದಳೆ. ಹೈವೇಯಲ್ಲಿ 80ರ ಸ್ಪೀಡಿಗೆ ಅರ್ಥಧಾರಿಯ ಮಾತು ಮುಸುಕಾಗ್ತದೆ. ವಾಲ್ಯೂಮ್ ಏರಿಸಿದರೆ ಚೆಂಡೆಯ ಒಂದೊಂದು ಪೆಟ್ಟಿಗೂ ಬಾಗಿಲು ಗಡಗಡ. ಅಂಗಡಿಯಲ್ಲಿ ಹಿಂದಿನ ಟ್ರೇಯಲ್ಲಿ ಎರಡು ಓವಲ್ ಸ್ಪೀಕರ್, ಡಿಕ್ಕಿಯಲ್ಲಿ ಒಂದು ಬಾಸ್ ಟ್ಯೂಬ್ (ಬಾಸ್ ಹೆಚ್ಚಿಸುವ ಕೊಳವೆಯಾಕಾರದ ಸ್ಪೀಕರ್) ಹಾಕುವ ಅಂದ್ರು. 15 ಸಾವಿರದ ಒಳಗೆ ಆಗಬೇಕು. ಅದು ಸಾಕಾ?

ಉತ್ತರ (ಕಾರ್ ಆಡಿಯೋ ಫಿಟ್ಟರ್, ಉಡುಪಿ): ಓವಲೂ ಬೇಡ, ಟ್ಯೂಬೂ ಬೇಡ ಸರ್. ಮಾತಿನಲ್ಲಿ ಸ, ಶ, ತ, ಕ ಇಂಥ ಅಕ್ಷರ ಬಿಡಿಸಿ ಕೇಳಬೇಕಾದರೆ 2,000 ಹರ್ಟ್ಸ್‌ನಿಂದ ಮೇಲಿನ ಸ್ವರ ಕಿವಿಗೆ ನೇರ ಬರಬೇಕು. ಆ ಸ್ವರ ಟಾರ್ಚ್ ಬೆಳಕಿನ ಹಾಗೆ, ತಿರುಗಿಸಿದ ಕಡೆಗೇ ಹೋಗುದು. ನಿಮ್ಮ ಸ್ಪೀಕರ್ ಇರುವುದು ಮೊಣಕಾಲಿನ ಹತ್ತಿರ. ಅರ್ಧ ಸ್ವರ ಪ್ಯಾಂಟಿಗೂ ಸೀಟಿಗೂ ಹೋಯ್ತು. ಟಯರಿನ ಸದ್ದು ಹೆಚ್ಚಾಗಿ ಕೆಳಗಿನ ಸ್ವರದ್ದು. ಅದರ ಮೇಲೆ ಬಾಸ್ ಸೇರಿಸಿದರೆ ಮಾತು ಇನ್ನೂ ಮುಳುಗ್ತದೆ. ಹಿಂದಿನ ಓವಲ್‌ನಿಂದ ಭಾಗವತರು ಬೆನ್ನ ಹಿಂದೆ ಕೂತು ಹಾಡಿದ ಹಾಗೆ ಆಗ್ತದೆ, ಮೇಲಿಂದ ಆ ತೆಳು ಟ್ರೇಯೂ ಅದುರ್ತದೆ.

ಹಣ ಪೂರ್ತಿ ಎರಡು ಮುಂಬಾಗಿಲಿಗೆ ಹಾಕಿ. ಆರೂವರೆ ಇಂಚಿನ ಕಾಂಪೊನೆಂಟ್ ಸೆಟ್, ಅಂದರೆ ಕೆಳಗಿನ ಸ್ವರದ ವೂಫರ್ ಬೇರೆ, ಟ್ವೀಟರ್ ಬೇರೆ ಇರುವಂಥದ್ದು, 5–6 ಸಾವಿರದ್ದು ಸಾಕು. ಡಬ್ಬದ ಮೇಲಿನ 300 ವಾಟ್ಸ್ ನೋಡಬೇಡಿ, ಸೆನ್ಸಿಟಿವಿಟಿ (ಅಷ್ಟೇ ವಾಟ್ಸಿಗೆ ಎಷ್ಟು ಸದ್ದು ಕೊಡ್ತದೆ ಎಂಬುದು) ನೋಡಿ: 90 ಡೆಸಿಬೆಲ್ ಅಥವಾ ಮೇಲೆ ಇರಲಿ. ಸ್ಟೀರಿಯೋದ ಮೇಲೆ 50x4 ಎಂದು ಬರೆದಿದ್ದರೂ ನಿಜವಾಗಿ ಬರುವುದು ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರಿಗೆ, 15–20 ವಾಟ್ಸ್ ಅಷ್ಟೆ. 3 ಡೆಸಿಬೆಲ್ ಕಡಿಮೆಯ ಸ್ಪೀಕರ್ ತಂದರೆ ಅದೇ ಸದ್ದಿಗೆ ಎರಡರಷ್ಟು ವಾಟ್ಸ್ ಬೇಕು. ಟ್ವೀಟರನ್ನು ಮಿರರ್ ಹಿಂದಿನ ಮೂಲೆಯಲ್ಲಿ ಕೂರಿಸಿ.

ಗಡಗಡಕ್ಕೆ ಮದ್ದು ಡ್ಯಾಂಪಿಂಗ್ ಶೀಟ್, ತಗಡು ಅದುರದ ಹಾಗೆ ಅಂಟಿಸುವಂಥದ್ದು. 2 ಮಿ.ಮೀ. ಬ್ಯುಟೈಲ್ ರಬ್ಬರ್, ಮೇಲೆ ಅಲ್ಯುಮಿನಿಯಂ ಹಾಳೆ ಇರುವುದು. ಎರಡು ಬಾಗಿಲಿಗೆ 15–16 ಚದರ ಅಡಿ, ಸುಮಾರು 3 ಸಾವಿರ. ತಾರಸಿಗೆ ಹಾಕುವ ಡಾಂಬರು ಶೀಟ್ ಕಡಿಮೆಗೆ ಸಿಗ್ತದೆ ಎಂದು ತರಬೇಡಿ. ಏಪ್ರಿಲ್ ಬಿಸಿಲಿಗೆ ಕರಗಿ ಕೆಳಗೆ ಜಾರ್ತದೆ, ವಾಸನೆ ಬೇರೆ. ಹೊರ ತಗಡಿನ ಒಳಮೈಗೆ ಅರ್ಧ ಭಾಗ ಅಂಟಿಸಿದರೆ ಸಾಕು. ಒಳ ತಗಡಿನ ದೊಡ್ಡ ತೂತುಗಳನ್ನು ಮುಚ್ಚಬೇಕು, ಇಲ್ಲದಿದ್ದರೆ ವೂಫರಿನ ಹಿಂದಿನ ಗಾಳಿ ಮುಂದೆ ಬಂದು ಬಾಸನ್ನು ತಿಂದುಹಾಕ್ತದೆ. ಅಂಟಿಸುವ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ರೋಲರ್ ಒತ್ತುವಾಗ ಶೀಟಿನ ಮೇಲಿನ ಉಬ್ಬು ಗೆರೆ ಮಾಯ ಆಗುವವರೆಗೆ ಒತ್ತಿ. ಬಾಗಿಲಿನ ತಳದ ಅಂಚಿನಲ್ಲಿ ನೀರು ಹೋಗುವ ಸಣ್ಣ ಕಿಂಡಿಗಳುಂಟು. ಅದೊಂದನ್ನು ಮುಚ್ಚಿದರೆ ನಮ್ಮ ಮಳೆಗೆ ಬಾಗಿಲೊಳಗೆ ನೀರು ನಿಂತು ಎರಡು ವರ್ಷದಲ್ಲಿ ತುಕ್ಕು.

ಇನ್ನೊಂದು: ಸ್ಪೀಕರಿನ ಕೆಳಗಿನ ರಿಂಗ್ ಎಂಡಿಎಫ್ ಮರದ್ದು ಬೇಡವೇ ಬೇಡ. ಗಾಜಿನ ಮೇಲಿಂದ ಇಳಿದ ನೀರು ಅದನ್ನು ಬಿಸ್ಕತ್ತಿನ ಹಾಗೆ ಉಬ್ಬಿಸ್ತದೆ, ಸ್ಕ್ರೂ ಸಡಿಲ ಆಗಿ ಮತ್ತೆ ಗಡಗಡ. ಪ್ಲಾಸ್ಟಿಕ್ ಅಥವಾ ಪಿವಿಸಿ ರಿಂಗ್ ಹಾಕಿಸಿ. ಸ್ವರವನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರ್ ಡಬ್ಬಿಯನ್ನೂ ನೀರು ಬೀಳುವ ಕಡೆ ಇಡಬಾರದು.

ಪ್ರಶ್ನೆ (ಕಾಪು): ವಯರ್ ಕತ್ತರಿಸದೆ ಆಗ್ತದಾ? ನಾನೇ ಬಿಚ್ಚಬಹುದಾ?

ಉತ್ತರ (ಉಡುಪಿ): ಕಂಪನಿಯ ವಯರಿಗೆ ಸಿಕ್ಕಿಸುವ ಕಪ್ಲರ್ ಸಿಗ್ತದೆ, ಕತ್ತರಿಸಲು ಬಿಡಬೇಡಿ. ಟ್ರಿಮ್ (ಬಾಗಿಲಿನ ಒಳಬದಿಯ ಪ್ಲಾಸ್ಟಿಕ್ ಹೊದಿಕೆ) ಬಿಚ್ಚುವಾಗ ಒಳ ಹ್ಯಾಂಡಲ್ ಹಿಂದಿನ ಸ್ಕ್ರೂ, ಎಳೆಯುವ ಹಿಡಿಯ ಸ್ಕ್ರೂ ಮೊದಲು. ಮತ್ತೆ ಕೆಳಗಿನಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕ್ಲಿಪ್ ಒಂದೊಂದೇ ಎಬ್ಬಿಸಿ. ಕೆಲವು ಮುರಿದೇ ಮುರೀತವೆ, ನಾಲ್ಕೈದು ಹೊಸತು ತಂದಿಡಿ. ಸ್ಕ್ರೂ ಬಿಗಿಯುವ ಮೊದಲು ಗಾಜು ಪೂರ್ತಿ ಇಳಿಸಿ, ಮ್ಯಾಗ್ನೆಟ್ ತಾಗ್ತದಾ ನೋಡಿ. ಪ್ಲಸ್ ಮೈನಸ್ ಸಂಶಯ ಬಂದರೆ ಒಂದೂವರೆ ವೋಲ್ಟಿನ ಸೆಲ್‌ನ್ನು ವೂಫರಿನ ವಯರಿಗೆ ಒಂದು ಕ್ಷಣ ಮುಟ್ಟಿಸಿ: ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್. ಒಂದು ಬದಿ ಉಲ್ಟಾ ಆದರೆ ಬಾಸ್ ಕಾಣೆ, ಮಾತು ಎಲ್ಲಿಂದ ಬರ್ತದೆಂದೇ ಗೊತ್ತಾಗುದಿಲ್ಲ.

ಪ್ರಶ್ನೆ (ಸುರತ್ಕಲ್): ನನ್ನದರಲ್ಲಿ 50 ವಾಟ್ಸಿನ ನಾಲ್ಕು ಚಾನೆಲ್ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಹಾಕಿದ್ದಾರೆ. ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಅಂತ ಏರ್ತದೆ. ಆಂಪ್ ಹಾಳಾಯ್ತಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಮಂಗಳೂರು): ಆಂಪ್ ಅಲ್ಲ ಮಾರಾಯ್ರೆ, ಹೆಚ್ಚಾಗಿ ಅರ್ತಿಂಗ್. ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು. ಪೇಂಟ್ ಮೇಲೆಯೇ ಗ್ರೌಂಡ್ ವಯರಿನ ಬೋಲ್ಟ್ ಬಿಗಿದಿರ್ತಾರೆ, ಇಲ್ಲವೇ ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದಿರ್ತದೆ. ಜೋರಾಗಿ ಹಾಡು ಬರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಆಂಪಿನ ಗ್ರೌಂಡ್ ಟರ್ಮಿನಲ್‌ಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಇಟ್ಟು ಡಿಸಿ ವೋಲ್ಟ್ ನೋಡಿ. 0.2ಕ್ಕಿಂತ ಹೆಚ್ಚು ತೋರಿಸಿದರೆ ಅಲ್ಲೇ ದೋಷ. ತಗಡು ಹೊಳೆಯುವಷ್ಟು ಉಜ್ಜಿ, ಬಿಗಿದ ಮೇಲೆ ಪೇಂಟ್ ಅಥವಾ ಗ್ರೀಸ್ ಹಚ್ಚಿ. ಗ್ರೌಂಡ್ ವಯರ್ ಒಂದೂವರೆ ಅಡಿ ಮೀರಬಾರದು. ಸ್ಟೀರಿಯೋದಿಂದ ಆಂಪಿಗೆ ಹಾಡು ತರುವ ಆರ್‌ಸಿಎ ಕೇಬಲ್ ಕಾರಿನ ಒಂದು ಬದಿ, ಪವರ್ ವಯರ್ ಇನ್ನೊಂದು ಬದಿ ಹೋಗಲಿ.

ಹಾಗೇ ಫ್ಯೂಸ್ ಉಂಟಾ ನೋಡಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು, ನಿಮ್ಮ ಆಂಪಿಗೆ 30 ಆಂಪಿಯರ್. ವಯರ್ 8 ಗೇಜ್, ಪೂರ್ತಿ ತಾಮ್ರದ್ದು. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗ, ಆದರೆ ಕರಾವಳಿಯಲ್ಲಿ ತುದಿಯಿಂದಲೇ ಬಿಳಿ ಪುಡಿ ಆಗ್ತಾ ಬರ್ತದೆ. ಚಾಕುವಿನಿಂದ ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಬದಲಿಸಿ.

ಪ್ರಶ್ನೆ (ಕಾಪು): ಕೊನೆಯದ್ದು. ಜುಲೈಯಲ್ಲಿ ಮಾಡಿಸಬಹುದಾ?

ಉತ್ತರ (ಉಡುಪಿ): ಸ್ಪೀಕರ್ ಹಾಕಿಸಬಹುದು. ಶೀಟ್ ಮಾತ್ರ ಒದ್ದೆ ತಗಡಿಗೆ ಹಿಡಿಯುದಿಲ್ಲ. ಮಾಡುವುದೇ ಆದರೆ ಹಿಂದಿನ ದಿನವೇ ಕಾರು ಶೆಡ್ಡಿನಲ್ಲಿ ಬಿಟ್ಟು, ಟ್ರಿಮ್ ಬಿಚ್ಚಿ ರಾತ್ರಿಯಿಡೀ ಫ್ಯಾನ್ ಗಾಳಿಗೆ ಇರಲಿ, ಬೆಳಿಗ್ಗೆ ಹೀಟ್‌ಗನ್‌ನಲ್ಲಿ ತಗಡು ಉಗುರುಬೆಚ್ಚಗೆ ಮಾಡಿ ಅಂಟಿಸಲಿ. ಟ್ರಿಮ್ ಹಿಂದಿನಿಂದ ಬಿಚ್ಚಿದ, ನೀರು ತಡೆಯುವ ಪ್ಲಾಸ್ಟಿಕ್ ಹಾಳೆ ಹರಿದರೆ ಹೊಸತು ಹಾಕಿಸಿಕೊಳ್ಳಿ. ಅದಿಲ್ಲದಿದ್ದರೆ ಕಾಲಡಿಯ ಮ್ಯಾಟ್ ಒದ್ದೆ ಆಗ್ತದೆ.